ಉದ್ಯೋಗ ಸಂದರ್ಶನದ ಸಿದ್ಧತೆ

ಹುದ್ದೆಗೆ ಅರ್ಜಿ ಹಾಕಿದವರನ್ನು ಎದುರಿಗೆ ಕೂರಿಸಿಕೊಂಡು, ಮಾತನಾಡಿಸಿ, ಆ ಕೆಲಸಕ್ಕೆ ಒಗ್ಗುತ್ತಾರೆಯೇ ಎಂದು ತೂಗಿ ನೋಡುವ ಕ್ರಮವೇ ಉದ್ಯೋಗ ಸಂದರ್ಶನ. ಸರ್ಕಾರಿ ಕಾಗದಪತ್ರಗಳಲ್ಲಿ ಇದಕ್ಕೆ ವ್ಯಕ್ತಿತ್ವ ಪರೀಕ್ಷೆ, ಮೌಖಿಕ ಪರೀಕ್ಷೆ ಎಂಬ ಹೆಸರುಗಳಿವೆ. ಪತ್ರಿಕೆಯ ಜಾಹೀರಾತಿನಲ್ಲಿ ‘ನೇರ ಸಂದರ್ಶನ’ ಎಂದಿರುತ್ತದೆ. ಮನೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಆಡುವುದು ‘ಇಂಟರ್‌ವ್ಯೂ’ ಎಂದೇ. ಪತ್ರಕರ್ತರು ನಡೆಸುವ ಮಾತುಕತೆಗೂ ಕನ್ನಡದಲ್ಲಿ ಸಂದರ್ಶನವೆಂದೇ ಹೆಸರು, ವ್ಯತ್ಯಾಸವಿರುವುದು ಕ್ರಿಯಾಪದದಲ್ಲಿ. ನಟರು, ಮಂತ್ರಿಗಳು ಸಂದರ್ಶನ ‘ಕೊಡುತ್ತಾರೆ’. ಕೆಲಸ ಬೇಕಾದವರು ಸಂದರ್ಶನಕ್ಕೆ ‘ಹೋಗುತ್ತಾರೆ’. ಯಾರಿಗೆ ಯಾರ ಅಗತ್ಯ ಎಂಬುದು ಅಲ್ಲಿಗೇ ತಿಳಿಯುತ್ತದೆ.

ಸಿದ್ಧತೆ ಎಂದರೆ ಐವತ್ತು ಪ್ರಶ್ನೆ, ಐವತ್ತು ಉತ್ತರ ಎಂಬ ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ಅಂಥ ಪುಸ್ತಕಗಳು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೂ ಧಾರವಾಡದ ಅಂಗಡಿಗಳಲ್ಲೂ ಯಾವತ್ತೂ ಸಿಗುತ್ತವೆ. ಆದರೆ ಹೆಚ್ಚಿನ ಸಂದರ್ಶನಗಳಲ್ಲಿ ಪ್ರಶ್ನೆಪತ್ರಿಕೆ ಬರೆಯುವವರು ಅಭ್ಯರ್ಥಿಗಳೇ. ತಿಂಗಳುಗಳ ಹಿಂದೆ ತುಂಬಿ ಕಳಿಸಿದ ಅರ್ಜಿ, ಗೆಳೆಯನ ಕಂಪ್ಯೂಟರಿನಲ್ಲಿ ಅವಸರದಿಂದ ಟೈಪು ಮಾಡಿದ ಬಯೋಡೇಟಾ, ಅದರಲ್ಲಿ ‘ಹವ್ಯಾಸಗಳು’ ಎಂಬಲ್ಲಿ ಏನೋ ಒಂದಿರಲಿ ಎಂದು ಬರೆದ ಪದ, ಇವೆಲ್ಲ ಎದುರಿನವರ ಮೇಜಿನ ಮೇಲಿರುತ್ತವೆ. ಮಾತು ಶುರುವಾಗುವುದು ಅಲ್ಲಿಂದಲೇ. ತಾವು ಬರೆದುಕೊಟ್ಟದ್ದೇನೆಂದು ಮರೆತು ಹೋಗುವವರ ಸಂಖ್ಯೆ ಸಣ್ಣದಲ್ಲ.

ಹಿನ್ನೆಲೆ

ಶಿಫಾರಸಿನ ಬದಲು ಪರೀಕ್ಷೆಯಿಂದ ನೌಕರರನ್ನು ಆರಿಸುವ ಪದ್ಧತಿ ಭಾರತದಲ್ಲಿ ಬ್ರಿಟಿಷರ ಕಾಲದ್ದು. ಮೆಕಾಲೆ ಸಮಿತಿಯ 1854ರ ವರದಿಯ ಮೇರೆಗೆ ಮರುವರ್ಷ ಲಂಡನ್ನಿನಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಮುಕ್ತ ಸ್ಪರ್ಧಾ ಪರೀಕ್ಷೆ ನಡೆಯಿತು. 1926ರ ಅಕ್ಟೋಬರ್ 1ರಂದು ಇಲ್ಲಿಯೇ ಲೋಕಸೇವಾ ಆಯೋಗ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನವೂ ತನ್ನದೇ ಸಿವಿಲ್ ಸರ್ವಿಸ್ ಪರೀಕ್ಷೆ ನಡೆಸುತ್ತಿತ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಆ ದಾರಿಯಲ್ಲೇ ಅಧಿಕಾರಕ್ಕೆ ಬಂದವರು. ಇಂದಿನ ಕರ್ನಾಟಕ ಲೋಕಸೇವಾ ಆಯೋಗದ ಮೂಲ 1951ರಲ್ಲಿ ಸ್ಥಾಪನೆಯಾದ ಮೈಸೂರಿನ ಆಯೋಗ.

ಖಾಸಗಿ ಕಂಪನಿಗಳ ಕಡೆಯಿಂದ ನೆನೆಯಬೇಕಾದವರು ಥಾಮಸ್ ಎಡಿಸನ್. ಕೆಲಸ ಕೇಳಿಕೊಂಡು ಬಂದ ಪದವೀಧರರಿಗೆ ಅವರು ನೂರೈವತ್ತರಷ್ಟು ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದರು. ಭೂಗೋಳ, ಇತಿಹಾಸ, ಲೋಹ, ಮರ ಎಲ್ಲವೂ ಅದರಲ್ಲಿತ್ತು. 1921ರಲ್ಲಿ ಆ ಪ್ರಶ್ನೆಗಳು ಪತ್ರಿಕೆಗೆ ಸೋರಿ ಅಮೆರಿಕದಲ್ಲಿ ದೊಡ್ಡ ಗುಲ್ಲಾಯಿತು. ಅಲ್ಲಿಗೆ ಬಂದಿದ್ದ ಐನ್‌ಸ್ಟೈನರನ್ನು ಸುದ್ದಿಗಾರರು ಅದೇ ಪಟ್ಟಿಯಿಂದ ಶಬ್ದದ ವೇಗವೆಷ್ಟು ಎಂದು ಕೇಳಿದರು. ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟು ಅವರು ಸುಮ್ಮನಾದರು. ಎಡಿಸನ್ನರ ಲೆಕ್ಕದಲ್ಲಿ ಅವರೂ ಫೇಲು.

ಅಂಕಗಳ ಜಗಳ

ಸಂದರ್ಶನಕ್ಕೆ ಎಷ್ಟು ಅಂಕ ಇರಬೇಕು ಎಂಬುದು ನಮ್ಮಲ್ಲಿ ಸಿದ್ಧತೆಗಿಂತ ದೊಡ್ಡ ಪ್ರಶ್ನೆ. ಬರೆದ ಉತ್ತರವನ್ನು ಇನ್ನೊಬ್ಬರು ಮತ್ತೆ ತಿದ್ದಿ ನೋಡಬಹುದು. ಆಡಿದ ಮಾತಿಗೆ ಆ ಭಾಗ್ಯವಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶದಲ್ಲಿ ಮೈಸೂರು ಸರ್ಕಾರ ಸಂದರ್ಶನದ ಅಂಕ ಸೇರಿಸಿದ್ದು ಆರ್. ಚಿತ್ರಲೇಖಾ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿಕೊಂಡಿತು. ಮುಂದೆ ಗಾಳಿ ಬದಲಾಯಿತು. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಶೇ. 15ಕ್ಕಿಂತ ಹೆಚ್ಚು ಸಂದರ್ಶನಾಂಕ ಸಲ್ಲದೆಂದೂ, 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಹರಿಯಾಣದ ನಾಗರಿಕ ಸೇವೆಗೆ ಶೇ. 12.2 ಸಾಕೆಂದೂ ಸುಪ್ರೀಂ ಕೋರ್ಟ್ ಹೇಳಿತು.

ಕರ್ನಾಟಕದಲ್ಲಿ ಈ ಜಗಳಕ್ಕೆ ಕಹಿ ಚರಿತ್ರೆಯೇ ಇದೆ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮದ ಆರೋಪ ಕೇಳಿಬಂದು, ಸಿಐಡಿ ತನಿಖೆಯಾಗಿ, ವ್ಯಾಜ್ಯ ವರ್ಷಗಟ್ಟಲೆ ನ್ಯಾಯಾಲಯಗಳನ್ನು ಸುತ್ತಿತು. ಕರ್ನಾಟಕ ಲೋಕಸೇವಾ ಆಯೋಗದ ಸುಧಾರಣೆಗೆಂದು ಯುಪಿಎಸ್‌ಸಿಯ ಹಿಂದಿನ ಅಧ್ಯಕ್ಷ ಪಿ. ಸಿ. ಹೋಟಾ ಅವರ ಸಮಿತಿ ನೇಮಕವಾಯಿತು. ಒಂದು ಕಾಲಕ್ಕೆ 200 ಅಂಕಗಳಿದ್ದ ಕೆಎಎಸ್ ವ್ಯಕ್ತಿತ್ವ ಪರೀಕ್ಷೆ ಈಗ 25ಕ್ಕೆ ಇಳಿದಿದೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ರಾಜ್ಯದಲ್ಲೂ ಗುಮಾಸ್ತ, ಪೊಲೀಸ್ ಪೇದೆ, ಶಾಲಾ ಶಿಕ್ಷಕ ಕೆಲಸಗಳಿಗೆ ಓದುವವರು ಸಂದರ್ಶನದ ಚಿಂತೆ ಮಾಡಬೇಕಾಗಿಲ್ಲ. ಅವರು ಒಯ್ಯಬೇಕಾದದ್ದು ಮೂಲ ದಾಖಲೆಗಳ ಕಡತವನ್ನು. ಬಾಯಿಗಿಂತ ಆ ಕಡತವೇ ಕೈಕೊಡುವುದು ಹೆಚ್ಚು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ. ನಾಡಕಚೇರಿಯ ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿಗೆ ಒಂದು ದೀರ್ಘ ಕಡಿಮೆ. ಗ್ರಾಮೀಣ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದ 371ಜೆ ಪ್ರಮಾಣಪತ್ರಗಳು ಬೇರೆ ನಮೂನೆಯವು ಅಥವಾ ಕೊನೆಯ ದಿನಾಂಕ ದಾಟಿದ ಮೇಲೆ ಮಾಡಿಸಿದವು. ಇಂಥದ್ದನ್ನು ಹಿಂದಿನ ರಾತ್ರಿ ಸರಿಪಡಿಸಲು ಬರುವುದಿಲ್ಲ.

ದೆಹಲಿಯ ಧೋಲ್‌ಪುರ ಹೌಸ್

ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಕೊನೆಯ ಹಂತ ನಡೆಯುವುದು ಶಹಜಹಾನ್ ರಸ್ತೆಯ ಈ ಕಟ್ಟಡದಲ್ಲಿ. ಒಟ್ಟು 2025 ಅಂಕಗಳಲ್ಲಿ 1750 ಬರವಣಿಗೆಗೆ, 275 ವ್ಯಕ್ತಿತ್ವ ಪರೀಕ್ಷೆಗೆ. ಸಂದರ್ಶನದಲ್ಲಿ ಇಷ್ಟಾದರೂ ಬರಲೇಬೇಕೆಂಬ ಕನಿಷ್ಠ ಅಂಕ 1957ರವರೆಗೆ ಇತ್ತು, ಆಮೇಲೆ ತೆಗೆದರು. ಆಯೋಗದ ಸದಸ್ಯರೊಬ್ಬರ ಅಧ್ಯಕ್ಷತೆಯಲ್ಲಿ ಸಾಮಾನ್ಯವಾಗಿ ಐದು ಜನ ಕೂರುತ್ತಾರೆ. ಮಾತು ಅರ್ಧ ಗಂಟೆಯ ಆಸುಪಾಸು.

ಅಭ್ಯರ್ಥಿಗಳ ಬಾಯಲ್ಲಿ ‘ಡ್ಯಾಫ್’ ಎನಿಸಿಕೊಂಡಿರುವ ವಿವರವಾದ ಅರ್ಜಿ ನಮೂನೆಯೇ ಇಲ್ಲಿನ ಪಠ್ಯಪುಸ್ತಕ. ಹುಟ್ಟಿದ ಊರು, ಓದಿದ ಕಾಲೇಜು, ಐಚ್ಛಿಕ ವಿಷಯ, ಹವ್ಯಾಸ, ಮೊದಲು ಮಾಡುತ್ತಿದ್ದ ಕೆಲಸ, ಯಾವ ಸೇವೆ ಮೊದಲು ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರತಿ ಸಾಲೂ ಒಂದೊಂದು ಬಾಗಿಲು. ಊರು ಇಳಕಲ್ ಎಂದಿದ್ದರೆ ಸೀರೆಯ ಪ್ರಶ್ನೆ ತಪ್ಪಿದ್ದಲ್ಲ. ‘ಇಳಕಲ್ ಸೀರೆ ಪ್ರಸಿದ್ಧ’ ಎಂಬ ಉತ್ತರದಿಂದ ಯಾರಿಗೂ ಏನೂ ಸಿಗುವುದಿಲ್ಲ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ಇಟ್ಟು, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವುದು ಅದರ ವಿಶೇಷ ಎಂದು ಹೇಳಿದರೆ ಮಾತು ಬೆಳೆಯುತ್ತದೆ: ಆ ಕೊಂಡಿ ಹಾಕುವ ಕೆಲಸ ಮನೆಯಲ್ಲಿ ಯಾರದು, ಕೂಲಿ ಎಷ್ಟು, ವಿದ್ಯುತ್ ಮಗ್ಗದ ಸೀರೆ ಪಕ್ಕದಲ್ಲೇ ಅಗ್ಗಕ್ಕೆ ಸಿಗುವಾಗ ಕೈಮಗ್ಗದವರು ಏನು ಮಾಡಬೇಕು, ನೀವು ಜಿಲ್ಲಾಧಿಕಾರಿಯಾದರೆ ಏನು ಮಾಡುತ್ತೀರಿ. ಈ ನಾಲ್ಕನೆಯ ಪ್ರಶ್ನೆಗೆ ಕೋಚಿಂಗ್ ಕೇಂದ್ರದ ನೋಟ್ಸು ನೆರವಾಗುವುದಿಲ್ಲ. ರಜೆಗೆ ಊರಿಗೆ ಹೋದಾಗ ಎರಡು ಮನೆಯಾಚೆಯ ಮಗ್ಗದವರ ಜಗಲಿಯ ಮೇಲೆ ಒಂದು ಸಂಜೆ ಕೂತು ಕೇಳಿಸಿಕೊಂಡದ್ದು ನೆರವಾಗುತ್ತದೆ. ಚನ್ನಪಟ್ಟಣದವರಿಗೆ ಆಲೆ ಮರದ್ದೂ ಅರಗಿನ ಬಣ್ಣದ್ದೂ, ಶಿರಸಿಯವರಿಗೆ ಅಡಿಕೆಯದೂ ಇದೇ ಕತೆ.

ಹವ್ಯಾಸದ ಕಾಲಮ್ಮಿನಲ್ಲಿ ‘ಕಾದಂಬರಿ ಓದುವುದು’ ಎಂದು ಬರೆದವರು ಇತ್ತೀಚೆಗೆ ಓದಿದ್ದು ಯಾವುದು ಎಂಬ ಮೊದಲ ಪ್ರಶ್ನೆಗೇ ತಡವರಿಸುವುದುಂಟು. ‘ಅಡುಗೆ’ ಎಂದು ಬರೆದವರ ಪಾಡು ಎಷ್ಟೋ ವಾಸಿ. ಸಾರಿನ ಪುಡಿಗೆ ಏನೇನು ಹುರಿಯುತ್ತೀರಿ ಎಂದರೆ ನಿಜವಾಗಿ ಅಡುಗೆ ಮಾಡುವವರು ಎರಡು ನಿಮಿಷ ನಿಲ್ಲಿಸದೆ ಮಾತನಾಡುತ್ತಾರೆ, ಮುಖವೂ ಅರಳುತ್ತದೆ. ಐಚ್ಛಿಕ ವಿಷಯಕ್ಕೂ ಇದು ಅನ್ವಯ. 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದ ಕೋಲಾರ ಜಿಲ್ಲೆಯ ಕೆ. ಆರ್. ನಂದಿನಿ ಎಂಜಿನಿಯರಿಂಗ್ ಪದವೀಧರೆ, ಆರಿಸಿಕೊಂಡದ್ದು ಕನ್ನಡ ಸಾಹಿತ್ಯ. ಆಮೇಲೆ ಆ ವಿಷಯ ತೆಗೆದುಕೊಂಡವರ ಸಾಲೇ ಬೆಳೆಯಿತು. ಎಂಜಿನಿಯರ್ ಆಗಿ ಪಂಪನನ್ನು ಏಕೆ ಓದಿದಿರಿ ಎಂದು ಕೇಳಿದರೆ ‘ಅಂಕ ಬರುತ್ತದೆ’ ಎಂಬ ಸತ್ಯವನ್ನು ಹೇಳಬಹುದೇ ಎಂಬುದು ಅಣಕು ಸಂದರ್ಶನಗಳಲ್ಲಿ ಇನ್ನೂ ತೀರದ ಚರ್ಚೆ. ಹೇಳಬಹುದು, ಆದರೆ ಅದರ ಬೆನ್ನಿಗೆ ಪಂಪನ ಬಗ್ಗೆಯೂ ಎರಡು ಮಾತು ಬರಬೇಕು.

ಐದು ದಿನದ ಸಂದರ್ಶನ

ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಎಂಬುದು ಸಂದರ್ಶನಗಳಲ್ಲೇ ಬೇರೆ ಜಾತಿಯದು. ಎರಡನೆಯ ಮಹಾಯುದ್ಧದ ವೇಳೆ ಬ್ರಿಟನ್ ರೂಪಿಸಿಕೊಂಡ ಆಯ್ಕೆ ಮಂಡಳಿಗಳ ಮಾದರಿ ಇದಕ್ಕೆ ಬುನಾದಿ. ಭೂಸೇನೆಯ ಕೇಂದ್ರವೊಂದು ಬೆಂಗಳೂರಿನಲ್ಲಿದೆ, ವಾಯುಪಡೆಯದು ಮೈಸೂರಿನಲ್ಲಿದೆ. ಅಭ್ಯರ್ಥಿಗಳು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಎದೆಗೆ ಕಟ್ಟಿಕೊಂಡ ‘ಚೆಸ್ಟ್ ನಂಬರ್’ನಿಂದ ಕರೆಸಿಕೊಳ್ಳುತ್ತಾರೆ. ಮೊದಲ ದಿನವೇ ಜರಡಿ: ಬುದ್ಧಿಮತ್ತೆಯ ಪರೀಕ್ಷೆ, ಮಸುಕು ಚಿತ್ರ ನೋಡಿ ಕತೆ ಬರೆದು ಗುಂಪಿನಲ್ಲಿ ಚರ್ಚಿಸುವುದು. ದಾಟಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು. 60 ಪದಗಳು ಒಂದೊಂದು 15 ಸೆಕೆಂಡು ಮಿಂಚಿ ಹೋಗುತ್ತವೆ, ಪ್ರತಿ ಪದಕ್ಕೂ ಹೊಳೆದ ವಾಕ್ಯ ಬರೆಯಬೇಕು. 60 ಸನ್ನಿವೇಶಗಳಿಗೆ 30 ನಿಮಿಷದಲ್ಲಿ ನೀವೇನು ಮಾಡುತ್ತೀರಿ ಎಂದು ಬರೆಯಬೇಕು. ಯೋಚಿಸಿ ಒಳ್ಳೆಯವರಾಗಲು ಸಮಯವೇ ಇಲ್ಲದಂತೆ ಇದನ್ನು ಕಟ್ಟಿದ್ದಾರೆ. ಆದರೂ ‘ಸೋಲು’ ಎಂಬ ಪದಕ್ಕೆ ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಬಾಯಿಪಾಠ ಬರೆದು ಬರುವವರಿದ್ದಾರೆ. ಅದೇ ವಾಕ್ಯವನ್ನು ಅದೆಷ್ಟು ಸಾವಿರ ಸಲ ಓದಿದ್ದಾರೋ ಆ ಮನಶ್ಶಾಸ್ತ್ರಜ್ಞರು!

ಸಂದರ್ಶನದ ಅಧಿಕಾರಿಯ ಕೈಯಲ್ಲಿ ಪಿಐಕ್ಯೂ ಎಂಬ ವೈಯಕ್ತಿಕ ವಿವರದ ಹಾಳೆ ಇರುತ್ತದೆ. ಅವರು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಸರದಂತೆ ಪೋಣಿಸುತ್ತಾರೆ. ಹತ್ತನೆಯ ತರಗತಿಯಿಂದ ಇಲ್ಲಿಯವರೆಗೆ ಎಷ್ಟೆಷ್ಟು ಅಂಕ, ಎಲ್ಲಿ ಇಳಿಯಿತು, ಯಾಕೆ ಇಳಿಯಿತು, ಯಾವ ಮೇಷ್ಟ್ರು ಇಷ್ಟ, ಯಾರು ಇಷ್ಟವಿಲ್ಲ, ಗೆಳೆಯರು ಯಾರು, ಅವರಿಗೆ ನಿಮ್ಮಲ್ಲಿ ಹಿಡಿಸದ್ದು ಏನು, ಮನೆಯಲ್ಲಿ ತಂದೆಗೆ ಹತ್ತಿರವೋ ತಾಯಿಗೋ. ಕೇಳಿದ ಅಷ್ಟನ್ನೂ ಅನುಕ್ರಮವಾಗಿ ನೆನಪಿಟ್ಟು ಹೇಳುವುದು ಒಂದು ಪರೀಕ್ಷೆ. ಬರೆದ ಕತೆಗಳೂ ಹೇಳಿದ ಬದುಕೂ ಮೈದಾನದಲ್ಲಿ ಹಗ್ಗ ಹಿಡಿದಾಗಿನ ನಡತೆಯೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದು ಇನ್ನೊಂದು. ಕೊನೆಯ ದಿನದ ಸಭೆಯಲ್ಲಿ ಮನಶ್ಶಾಸ್ತ್ರಜ್ಞರು, ಗುಂಪು ಪರೀಕ್ಷೆಯ ಅಧಿಕಾರಿ, ಸಂದರ್ಶಕರು ಮೂವರೂ ತಮ್ಮ ಅಭಿಪ್ರಾಯ ಹೋಲಿಸುವುದು ಇದಕ್ಕಾಗಿಯೇ.

ಬ್ಯಾಂಕು, ಕ್ಯಾಂಪಸ್, ಕಾರ್ಖಾನೆ

ಬ್ಯಾಂಕ್ ಅಧಿಕಾರಿಗಳ ಐಬಿಪಿಎಸ್ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆ ಮತ್ತು ಸಂದರ್ಶನಗಳ ತೂಕ 80:20. ಸಂದರ್ಶನದ 100 ಅಂಕಗಳಲ್ಲಿ ಶೇ. 40 ಬಾರದಿದ್ದರೆ ಹೊರಗೆ, ಮೀಸಲಾತಿಯವರಿಗೆ ಶೇ. 35. ಬಿಇ ಓದಿ ಬ್ಯಾಂಕಿಗೆ ಏಕೆ ಬಂದಿರಿ ಎಂಬ ಪ್ರಶ್ನೆ ಇಲ್ಲಿ ಹಾಜರಿ ಕರೆದಷ್ಟೇ ಖಚಿತ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ ಆಯ್ಕೆಯನ್ನು ಜಾತ್ರೆಯಂತೆ ನಡೆಸಿದ ಕಾಲವೊಂದಿತ್ತು. ಇನ್ಫೋಸಿಸ್‌ನ ಲಿಖಿತ ಪರೀಕ್ಷೆ ಒಗಟುಗಳಿಗೆ ಹೆಸರಾಗಿತ್ತು. ಅದಕ್ಕೆಂದು ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಶಕುಂತಲಾ ದೇವಿಯವರ ಒಗಟಿನ ಪುಸ್ತಕದ ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಬೆಂಗಳೂರಿನಲ್ಲೇ ಹುಟ್ಟಿದ ಲೆಕ್ಕದ ಪ್ರತಿಭೆಯೊಬ್ಬರ ಪುಸ್ತಕ ಬೆಂಗಳೂರಿನ ಕಂಪನಿಗೆ ಸೇರಲು ಏಣಿಯಾದದ್ದು ಕಾಕತಾಳೀಯವೇ ಇರಬಹುದು. ಈಗ ಆ ಜಾಗಕ್ಕೆ ಆನ್‌ಲೈನ್ ಕೋಡಿಂಗ್ ಪರೀಕ್ಷೆ ಬಂದಿದೆ. ಅದು ದಾಟಿದರೆ ಟೆಕ್ನಿಕಲ್ ರೌಂಡು, ಆಮೇಲೆ ಎಚ್‌ಆರ್. ಟೆಕ್ನಿಕಲ್ ರೌಂಡಿನಲ್ಲಿ ಬಹುತೇಕರು ಜಾರುವುದು ಕೊನೆಯ ವರ್ಷದ ಪ್ರಾಜೆಕ್ಟಿನ ಮೇಲೆ. ನಾಲ್ವರ ಗುಂಪಿನಲ್ಲಿ ಒಬ್ಬರು ಮಾಡಿದ್ದನ್ನು ನಾಲ್ವರೂ ರೆಸ್ಯುಮೆಯಲ್ಲಿ ಹಾಕಿಕೊಂಡಿರುತ್ತಾರೆ. ‘ಇದರಲ್ಲಿ ನೀವು ಬರೆದ ಭಾಗ ತೋರಿಸಿ’ ಎಂದರೆ ಮೂವರಿಗೆ ಬೆವರು.

ಐಟಿಐ ಓದಿದವರ ಸಂದರ್ಶನದ ಬಗ್ಗೆ ಬರೆಯುವವರು ಕಡಿಮೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯಲ್ಲಿ ಫಿಟರ್ ಅಥವಾ ಟರ್ನರ್ ಕೆಲಸಕ್ಕೆ ಹೋದರೆ ‘ನಿಮ್ಮ ಬಗ್ಗೆ ಹೇಳಿ’ ಎಂಬ ಪೀಠಿಕೆಯಿಲ್ಲ. ಮೇಲ್ವಿಚಾರಕರು ಮೇಜಿನ ಖಾನೆಯಿಂದ ಒಂದು ವರ್ನಿಯರ್ ಕ್ಯಾಲಿಪರ್, ಎಣ್ಣೆ ಮೆತ್ತಿದ ಒಂದು ಜಾಬ್, ಅಂದರೆ ಕಡೆದ ಲೋಹದ ತುಂಡು, ತೆಗೆದು ಮುಂದಿಡುತ್ತಾರೆ. ಬಲ್ಲ ಹುಡುಗ ಮೊದಲು ಜಾಬನ್ನು ಬಟ್ಟೆಯಲ್ಲಿ ಒರೆಸುತ್ತಾನೆ. ದವಡೆಗಳನ್ನು ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡುತ್ತಾನೆ. ಆಮೇಲೆ ಜಾಬ್ ಹಿಡಿದು, ಬೆಳಕಿಗೆ ತಿರುಗಿಸಿ ಓದುತ್ತಾನೆ: ಮುಖ್ಯ ಮಾಪಕದಲ್ಲಿ 24, ವರ್ನಿಯರಿನ 17ನೆಯ ಗೆರೆ ಕೂಡಿದೆ, ಲೀಸ್ಟ್ ಕೌಂಟ್ 0.02, ಅಲ್ಲಿಗೆ 24.34 ಮಿಲಿಮೀಟರ್. ಲೀಸ್ಟ್ ಕೌಂಟ್ 0.02 ಹೇಗೆ ಬಂತು ಎಂದು ಕೇಳಿದರೆ, 49 ಮಿಲಿಮೀಟರನ್ನು 50 ಭಾಗ ಮಾಡಿದ್ದಾರೆ ಸರ್ ಎನ್ನುತ್ತಾನೆ. ಒರೆಸಿದ್ದನ್ನೂ ಸೊನ್ನೆ ನೋಡಿದ್ದನ್ನೂ ಗಮನಿಸಿದ ಮೇಲ್ವಿಚಾರಕರಿಗೆ ಉತ್ತರ ಬರುವ ಮೊದಲೇ ಅರ್ಧ ತೀರ್ಮಾನವಾಗಿರುತ್ತದೆ. ಈ ಬರಹದಲ್ಲಿ ಹೇಳಿದ ಎಲ್ಲ ಸಂದರ್ಶನಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಬಹುಶಃ ಇದೇ.

ಸಂಶೋಧನೆ ಹೇಳುವುದು

ಸಂದರ್ಶಕರ ಕಣ್ಣು ಎಷ್ಟು ನಂಬಬಹುದಾದದ್ದು ಎಂಬ ಅನುಮಾನ ನೂರು ವರ್ಷ ಹಳೆಯದು. 1922ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಲಿಂಗ್‌ವರ್ತ್ ಪ್ರಕಟಿಸಿದ ಪ್ರಯೋಗದಲ್ಲಿ 12 ಮಂದಿ ಮಾರಾಟ ವ್ಯವಸ್ಥಾಪಕರು ಅದೇ 57 ಅಭ್ಯರ್ಥಿಗಳನ್ನು ಸಂದರ್ಶಿಸಿ ಕೊಟ್ಟ ಸ್ಥಾನಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಶ್ಮಿಟ್ ಮತ್ತು ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ವ್ಯವಸ್ಥಿತ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಹಸಂಬಂಧ 0.51, ಬಾಯಿಗೆ ಬಂದಂತೆ ನಡೆಯುವ ಸಂದರ್ಶನದ್ದು 0.38 ಎಂದರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕ ತಿದ್ದಿ ಇವನ್ನು 0.42 ಮತ್ತು 0.19ಕ್ಕೆ ಇಳಿಸಿದರು. ಇಳಿದರೂ ವ್ಯವಸ್ಥಿತ ಸಂದರ್ಶನ ಆಯ್ಕೆಯ ವಿಧಾನಗಳ ಪಟ್ಟಿಯಲ್ಲಿ ಮೇಲೆಯೇ ನಿಂತಿತು.

ದೊಡ್ಡ ಕಂಪನಿಗಳು ಆ ದಾರಿ ಹಿಡಿದದ್ದರಿಂದ ಪ್ರಶ್ನೆಯ ರೂಪ ಬದಲಾಗಿದೆ. ‘ನೀವು ಕಷ್ಟಪಟ್ಟು ದುಡಿಯುವವರೇ’ ಎಂದು ಈಗ ಕೇಳುವುದಿಲ್ಲ; ‘ಗಡುವು ತಪ್ಪಿದ ಒಂದು ಸಂದರ್ಭ ಹೇಳಿ, ಆಗ ಏನು ಮಾಡಿದಿರಿ’ ಎನ್ನುತ್ತಾರೆ. ವಿಶೇಷಣಗಳ ಬದಲು ಘಟನೆ ಬೇಕು. ಕಾಲೇಜಿನ ಗಣೇಶೋತ್ಸವಕ್ಕೆ ವಂತಿಗೆ ಎತ್ತಿ ಲೆಕ್ಕ ಒಪ್ಪಿಸಿದ್ದು, ಊರಿನ ಡೇರಿಯಲ್ಲಿ ರಜೆಯ ದಿನ ಹಾಲಿನ ಫ್ಯಾಟ್ ಅಳೆದದ್ದು, ತಮ್ಮನ ಫೀಸಿಗಾಗಿ ರಾತ್ರಿ ಪಾಳಿಯಲ್ಲಿ ದುಡಿದದ್ದು ಹೇಳಿಕೊಳ್ಳುವಂಥದ್ದಲ್ಲ ಎಂದು ನಮ್ಮ ಹುಡುಗ ಹುಡುಗಿಯರು ಬಿಟ್ಟುಬಿಡುತ್ತಾರೆ. ಬೇಕಾದದ್ದು ಅದೇ. ಇಂಥ ನಾಲ್ಕಾರು ಘಟನೆಗಳನ್ನು ಯಾವಾಗ, ಎಲ್ಲಿ, ಎಷ್ಟು ಎಂಬ ವಿವರದೊಡನೆ ಒಮ್ಮೆ ಬರೆದು ನೋಡಿಕೊಂಡರೆ ಹತ್ತಾರು ಪ್ರಶ್ನೆಗಳಿಗೆ ಒದಗುತ್ತವೆ.

ಭಾಷೆ

ಕನ್ನಡ ಮಾಧ್ಯಮದವರ ದೊಡ್ಡ ಅಂಜಿಕೆ ಇಂಗ್ಲಿಷು. ಅದಕ್ಕೆ ಕಂಡುಕೊಂಡ ಉಪಾಯ ಬಾಯಿಪಾಠ. ‘ಮೈಸೆಲ್ಫ್’ ಎಂದು ಶುರುವಾಗಿ ‘ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್’ನಲ್ಲಿ ಮುಗಿಯುವ ಆ ಗದ್ಯ ರಾಜ್ಯದ ಉದ್ದಗಲಕ್ಕೂ ಒಂದೇ. ನಡುವೆ ಸಂದರ್ಶಕರು ಒಂದು ಅಡ್ಡ ಪ್ರಶ್ನೆ ಹಾಕಿದರೆ ರೈಲು ಹಳಿ ತಪ್ಪುತ್ತದೆ, ಮತ್ತೆ ‘ಮೈಸೆಲ್ಫ್’ನಿಂದಲೇ ಹೊರಡಬೇಕು. ಬಾಯಿಪಾಠಕ್ಕಿಂತ ಸಣ್ಣ ಸಣ್ಣ ವಾಕ್ಯಗಳಲ್ಲಿ ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಮಾತನಾಡುವ ಅಭ್ಯಾಸ ಲೇಸು. ತಮ್ಮ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ಮೊದಲ ದಿನ ಮುಜುಗರ, ವಾರದಲ್ಲಿ ರೂಢಿ. ಎದುರಿನವರು ಕನ್ನಡ ಬಲ್ಲವರೆಂದು ಗೊತ್ತಾದಾಗ ‘ಇದೊಂದನ್ನು ಕನ್ನಡದಲ್ಲಿ ಹೇಳಲೇ ಸರ್?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಯುಪಿಎಸ್‌ಸಿಯಲ್ಲಂತೂ ಕನ್ನಡವನ್ನು ಆರಿಸಿಕೊಂಡು ಭಾಷಾಂತರಕಾರರ ನೆರವಿನಿಂದ ಉತ್ತರಿಸಲು ಅವಕಾಶವಿದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಬಗೆಯ ಪ್ರಶ್ನೆ ಕಾದಿರುತ್ತದೆ: ಮದುವೆ ಯಾವಾಗ, ಆಮೇಲೆ ಕೆಲಸ ಬಿಡುತ್ತೀರಾ, ಮಗು? ನೇಮಕಾತಿಯಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, ಕೇಳುವವರು ಈಗಲೂ ಕೇಳುತ್ತಾರೆ. ‘ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುತ್ತೇನೆ’ ಎಂದು ಮಾತನ್ನು ಕೆಲಸದ ಕಡೆಗೆ ತಿರುಗಿಸುವುದು ರೂಢಿಯಲ್ಲಿರುವ ಉತ್ತರ. ಆ ಪ್ರಶ್ನೆ ಕೇಳಿದ ಕಂಪನಿಯ ಬಗ್ಗೆ ಅಭ್ಯರ್ಥಿಗೂ ಒಂದಿಷ್ಟು ತಿಳಿದಂತಾಯಿತು.

ಸಂಬಳದ ಮಾತು

ಖಾಸಗಿ ಸಂದರ್ಶನದ ಕೊನೆಯಲ್ಲಿ ಬರುವ ‘ಎಷ್ಟು ನಿರೀಕ್ಷೆ’ ಎಂಬ ಪ್ರಶ್ನೆಗೆ ತಯಾರಿ ಮಾಡಿಕೊಂಡು ಹೋಗುವವರು ವಿರಳ. ಹಣದ ಮಾತು ಬಾಯಿಬಿಟ್ಟು ಆಡಬಾರದೆಂಬ ನಮ್ಮ ಸಂಕೋಚ ಇಲ್ಲಿ ದುಬಾರಿ ಬೀಳುತ್ತದೆ. ಸಿಟಿಸಿ ಎಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚ, ಕೈಗೆ ಬರುವ ಸಂಬಳವಲ್ಲ. ವರ್ಷಕ್ಕೆ 3.6 ಲಕ್ಷ, ತಿಂಗಳಿಗೆ 30,000 ಎಂದುಕೊಳ್ಳೋಣ, ಅದರಲ್ಲಿ ಮೂಲ ವೇತನ 15,000. ಕಂಪನಿ ಕಟ್ಟುವ ಶೇ. 12 ಪಿಎಫ್ 1,800, ಶೇ. 4.81ರ ಲೆಕ್ಕದಲ್ಲಿ ಗ್ರಾಚ್ಯುಟಿ ಸುಮಾರು 720. ನೌಕರರ ಪಾಲಿನ ಪಿಎಫ್ ಮತ್ತೆ 1,800. ವೃತ್ತಿ ತೆರಿಗೆ 200. ಬ್ಯಾಂಕಿಗೆ ಬೀಳುವುದು ಸುಮಾರು 25,500. ವಿಮೆಯ ಕಂತು, ವರ್ಷದ ಕೊನೆಗೆ ಕೊಟ್ಟರೆ ಕೊಟ್ಟರು ಎನ್ನುವಂಥ ಬೋನಸ್ಸು ಸಿಟಿಸಿಯಲ್ಲೇ ಸೇರಿದ್ದರೆ ಇನ್ನೂ ಕಡಿಮೆ. ‘ಇದರಲ್ಲಿ ತಿಂಗಳಿಗೆ ಕೈಗೆ ಸಿಗುವುದೆಷ್ಟು ಸರ್?’ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬಾಂಡ್ ಇದೆಯೇ, ಎಷ್ಟು ವರ್ಷ, ನೋಟಿಸ್ ಅವಧಿ ಒಂದು ತಿಂಗಳೋ ಮೂರು ತಿಂಗಳೋ ಎಂಬುದನ್ನೂ ಆಗಲೇ ಕೇಳಬೇಕು. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಅಭ್ಯರ್ಥಿಯಿಂದಲೇ ಹಣ ಕೇಳಿದವರ ಬಳಿ ಕೊಡಲು ಕೆಲಸವಿರುವುದಿಲ್ಲ. ‘ತಿಳಿಸುತ್ತೇವೆ’ ಎಂಬ ಮಾತಿನ ಅರ್ಥ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಒಂದು ವಾರ ಬಿಟ್ಟು ವಿನಯದಿಂದ ಒಂದು ಇಮೇಲ್ ಕಳಿಸಬಹುದು. ಆಫರ್ ಲೆಟರ್ ಕೈಸೇರುವ ಮೊದಲೇ, ಫೋನಿನಲ್ಲಿ ‘ಸೆಲೆಕ್ಟ್ ಆಗಿದ್ದೀರಿ’ ಎಂದದ್ದನ್ನೇ ನಂಬಿ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮೂರು ತಿಂಗಳು ಮನೆಯಲ್ಲಿ ಕೂತವರು ಬೆಂಗಳೂರಿನ ಪಿಜಿಗಳಲ್ಲಿ ಮಹಡಿಗೊಬ್ಬರಾದರೂ ಸಿಗುತ್ತಾರೆ.